ಓಣಿ, ಕಟ್ಟಿ, ನಡುಮನಿ, ಹಿತ್ತಲ

ಮೊದಲ ಮನಿಗೆ ಬಂದವರಿಗೆ ಬೆಲ್ಲ-ನೀರು ಕೊಡ್ತಿದ್ವಿ. ಈಗ ಬಂದವರು ಕುರ್ಚಿ ಮ್ಯಾಲೆ ಕೂಡೋದರಾಗ "ವೈಫೈ ಪಾಸ್‌ವರ್ಡ್ ಏನ್ರಿ?" ಅಂತ ಕೇಳ್ತಾರ. ಇಲ್ಲ ಅನ್ಲಿಕ್ಕೆ ಬರೂದಿಲ್ಲ. ಇಲ್ಲ ಅಂದ್ರ ನೀರು ಕೊಡದ ಕಳಿಸಿದಂಗ. ಆದ್ರ ಕೊಟ್ರ ಏನೇನು ಕೊಟ್ಟಂಗಾತು ಅಂತ ನಮ್ಮೊಳಗ ಭಾಳ ಮಂದಿ ವಿಚಾರ ಮಾಡಿಲ್ಲ. ಇವತ್ತ ಅದನ್ನ ಹೇಳ್ತೀನಿ. ವೈನಿ, ಮೌಶಿ, ನೆಗೆಣ್ಣಿ, ಬಾಜೂ ಮನಿ ಅಕ್ಕ, ಎಲ್ಲಾರೂ ಓದ್ರಿ. "ಕಂಪ್ಯೂಟರಿನ ಸುದ್ದಿ, ನಮಗ್ಯಾಕ" ಅಂತ ಬಿಟ್ಟು ಹೋಗಬ್ಯಾಡ್ರಿ. ಇದು ಅರ್ಧ ಕಂಪ್ಯೂಟರಿನ ಸುದ್ದಿ, ಅರ್ಧ ಮನಿ ಸುದ್ದಿ.

ಒಂದ ಪಾಸ್‌ವರ್ಡ್ ಇರೋ ವೈಫೈ ಅಂದ್ರ ನಡುವ ಗ್ವಾಡಿನ ಇಲ್ಲದ ಮನಿ. ಬಾಗಲಾ ದಾಟಿದ್ರ ಮುಗೀತು, ಎಲ್ಲಾ ಒಂದ ಪಡಸಾಲಿ. ಬ್ಯಾಂಕಿನ ಕಾಗದಪತ್ರ ಇರೋ ಕಂಪ್ಯೂಟರ್ ಅಲ್ಲೇ, ಫೋಟೋ ತುಂಬಿಟ್ಟ ಡಬ್ಬಿ ಅಲ್ಲೇ, ಬಾಗಲದ ಮ್ಯಾಲಿನ ಕ್ಯಾಮೆರಾ, ಟಿವಿ, ಪ್ರಿಂಟರ್ ಅಲ್ಲೇ. ಮದುವಿ ಕಾರ್ಡ್ ಕೊಡ್ಲಿಕ್ಕೆ ಬಂದು ಹತ್ತು ಮಿನಿಟ ಕೂತ ಹೋದವರ ಫೋನೂ ಅಲ್ಲೇ. ಬಂದವರು ಕೆಟ್ಟವರು ಅಂತಲ್ಲ. ಅವರ ಫೋನಿನ್ಯಾಗ ಏನು ಹೊಕ್ಕೊಂಡು ಕೂತದ ಅಂತ ಅವರಿಗೂ ಗೊತ್ತಿರೂದಿಲ್ಲ, ನಮಗೂ ಗೊತ್ತಿರೂದಿಲ್ಲ. ಅಂಥಾದ್ದು ಒಂದು ಇತ್ತಂದ್ರ, ಅದೇ ಪಡಸಾಲ್ಯಾಗ ಕೂತ ಉಳಿದ ಎಲ್ಲಾ ಯಂತ್ರದ ಕದಾ ಒಂದೊಂದ ತಟ್ಟಿ ನೋಡ್ಲಿಕ್ಕೆ ಅದಕ್ಕ ತ್ರಾಸ ಇಲ್ಲ.

ಗ್ವಾಡಿ ಕಟ್ಟೋದು ಎಲ್ಲೆ ಅಂದ್ರ ರೌಟರಿನ್ಯಾಗ. ನಮ್ಮ ಮನಿ ರೌಟರಿನೊಳಗ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಅದ. ಇದರ ಹುಟ್ಟಿನ ಕಥಿ ಛಲೋ ಅದ. ಲಿಂಕ್‌ಸಿಸ್ ಅವರ ಡಬ್ಲ್ಯುಆರ್‌ಟಿ54ಜಿ ಅನ್ನೋ ನೀಲಿ-ಕರಿ ಡಬ್ಬಿಯೊಳಗ ಲಿನಕ್ಸ್ ಇತ್ತು. ಲಿನಕ್ಸಿನ ಕರಾರು ಏನಂದ್ರ, ಅದನ್ನ ಹಾಕಿ ಮಾರಿದವರು ಅದರ ಕೋಡನ್ನ ಕೇಳಿದವರಿಗೆ ಕೊಡಬೇಕು. 2003ರಾಗ ಆ ಕೋಡ್ ಹೊರಗ ಬಂತು, 2004ರಾಗ ಅದನ್ನ ಹಿಡಕೊಂಡು ಓಪನ್‌ಡಬ್ಲ್ಯುಆರ್‌ಟಿ ಶುರು ಆತು. ಹೆಸರಿನ್ಯಾಗ ಆ ಹಳೇ ಡಬ್ಬಿ ಹೆಸರು ಇನ್ನೂ ಉಳದದ. ಈಗ ನೂರಾರು ನಮೂನಿ ರೌಟರಿನ ಮ್ಯಾಲೆ ಇದನ್ನ ಹಾಕ್ಲಿಕ್ಕೆ ಬರ್ತದ, ರೊಕ್ಕಾ ಕೊಡೋದಿಲ್ಲ. ನಮ್ಮ ಮಗ ಊರಿಗೆ ಬಂದಾಗ ಹಾಕಿಟ್ಟು ಹೋದ. ಅದನ್ನ ಓದೋದು, ತಿದ್ದೋದು ಈಗ ನಂದು.

ಓದೋದು ಅಂದೆ ನೋಡ್ರಿ. ಅದೇ ಇದರಾಗಿನ ಮುಖ್ಯ ಮಾತು. ಈ ರೌಟರಿನ ಎಲ್ಲಾ ಕಟ್ಟಳಿ ಸಾದಾ ಅಕ್ಷರದ ಫೈಲಿನ್ಯಾಗ ಇರ್ತಾವ. ಇಟಿಸಿ ಅನ್ನೋ ಫೋಲ್ಡರ್, ಅದರೊಳಗ ಕಾನ್ಫಿಗ್ ಅನ್ನೋ ಫೋಲ್ಡರ್, ಅದರೊಳಗ ನಾಕು ಫೈಲು ನಮಗ ಬೇಕಾದವು: ನೆಟ್‌ವರ್ಕ್, ವೈರ್‌ಲೆಸ್, ಡಿಎಚ್‌ಸಿಪಿ, ಫೈರ್‌ವಾಲ್. ಬ್ರೌಸರಿನ್ಯಾಗ ಬಟನ್ ಒತ್ತಿ ಮಾಡೋ ಪೇಜೂ ಅದ, ಅದಕ್ಕ ಲೂಸಿ ಅಂತಾರ. ಆದ್ರ ಆ ಪೇಜಿನ್ಯಾಗ ಒಂದ ನಿಯಮ ಈ ಟ್ಯಾಬಿನ್ಯಾಗ, ಇನ್ನೊಂದು ಆ ಟ್ಯಾಬಿನ್ಯಾಗ. ಫೈಲಿನ್ಯಾಗ ಹಂಗಲ್ಲ. ಕಿರಾಣಿ ಯಾದಿ ಓದಿದಂಗ ಮ್ಯಾಲಿಂದ ಕೆಳಗ ಓದ್ಕೋತ ಹೋದ್ರ, ಮನಿ ಪೂರ್ತಿ ಕಣ್ಣ ಮುಂದ ಬರ್ತದ.

ನಮ್ಮ ಹಳೇ ಮನಿಗಳು ನಿಮಗ ನೆನಪ ಅವ ಅಲ್ಲ? ಮೊದಲ ಓಣಿ. ಓಣಿಗೆ ಹಚ್ಚಿ ಕಟ್ಟಿ. ಕಟ್ಟಿ ದಾಟಿದ್ರ ಪಡಸಾಲಿ, ಆಮ್ಯಾಲೆ ನಡುಮನಿ, ಒಂದ ಬಾಜೂ ಅಡಗಿಮನಿ, ದೇವರಮನಿ, ಹಿಂದ ಹಿತ್ತಲ. ರೌಟರಿನ ಫೈಲೂ ಹಿಂಗ ಅದ. ಅದರಾಗ ಎರಡು ಶಬ್ದ ಬ್ಯಾರೆ ಬ್ಯಾರೆ ಮಾಡಿ ತಿಳ್ಕೋಬೇಕು. ಇಂಟರ್‌ಫೇಸ್ ಅಂದ್ರ ಜಾಗಾ: ಅದರ ಹೆಸರೇನು, ಅದರ ವಿಳಾಸ ಯಾವುದು. ಝೋನ್ ಅಂದ್ರ ಆ ಜಾಗಾದಾಗ ಕೂತವರಿಗೆ ಎಲ್ಲೀತನಕ ಹೋಗೋ ಪರವಾನಗಿ ಅದ ಅನ್ನೋದು. ಜಾಗಾದ ಲೆಕ್ಕ ನೆಟ್‌ವರ್ಕ್ ಫೈಲಿನ್ಯಾಗ, ಪರವಾನಗಿ ಲೆಕ್ಕ ಫೈರ್‌ವಾಲ್ ಫೈಲಿನ್ಯಾಗ. ಎರಡು ಖೋಲಿಗೆ ಒಂದ ಪರವಾನಗಿ ಇರಬಹುದು. ಆವಾಗ ಎರಡು ಇಂಟರ್‌ಫೇಸ್ ಒಂದ ಝೋನಿನ್ಯಾಗ ಬರ್ತಾವ.

ರೌಟರ್ ಬರುವಾಗನ ಎರಡು ಝೋನ್ ಇರ್ತಾವ. ವ್ಯಾನ್ ಅಂದ್ರ ಓಣಿ, ಹೊರಗಿನ ಜಗತ್ತು ಪೂರ್ತಿ. ಲ್ಯಾನ್ ಅಂದ್ರ ಒಳಮನಿ. ಇವೆರಡರ ಹೆಸರು ನಾ ಹಂಗ ಬಿಟ್ಟೀನಿ. ಇನ್ನೆರಡು ನಾ ಮಾಡಿದವು: ಬಂದವರ ಸಂಬಂಧ 'ಕಟ್ಟಿ', ಯಂತ್ರಗಳ ಸಂಬಂಧ 'ಹಿತ್ತಲ'. ಹೆಸರು ನಮ್ಮ ಮರ್ಜಿ, ಆದ್ರ ಝೋನಿನ ಹೆಸರು 11 ಅಕ್ಷರ ದಾಟಬಾರದು, ಇಂಗ್ಲಿಷ್ ಅಕ್ಷರದಾಗ ಬರೀಬೇಕು. ಇಲ್ಲೆ ನಾ ನಿಮ್ಮ ಸಂಬಂಧ ನಮ್ಮ ಅಕ್ಷರದಾಗ ಬರದೀನಿ. ಕಟ್ಟಿ ಹಿಂಗ ಕಾಣಸ್ತದ:

ಕಾನ್ಫಿಗ್ ಇಂಟರ್‌ಫೇಸ್ 'ಕಟ್ಟಿ'
ಆಪ್ಷನ್ ಡಿವೈಸ್ 'ಬಿಆರ್-ಕಟ್ಟಿ'
ಆಪ್ಷನ್ ಪ್ರೋಟೋ 'ಸ್ಟ್ಯಾಟಿಕ್'
ಆಪ್ಷನ್ ಐಪಿಎಡಿಡಿಆರ್ '192.168.3.1'
ಆಪ್ಷನ್ ನೆಟ್‌ಮಾಸ್ಕ್ '255.255.255.0'

ಅರ್ಥ ಇಷ್ಟ: ಕಟ್ಟಿ ಅನ್ನೋ ಜಾಗಾ ಅದ, ಅಲ್ಲೆ ರೌಟರಿನ ವಿಳಾಸ 192.168.3.1, ಆ ಓಳಿಯೊಳಗಿನ ಎಲ್ಲಾ ವಿಳಾಸ 192.168.3ರಿಂದ ಶುರು ಆಗ್ತಾವ. ಒಳಮನಿಗೆ 192.168.2, ಹಿತ್ತಲಕ್ಕ 192.168.4. ಅಂಕಿ ಬ್ಯಾರೆ ಬ್ಯಾರೆ ಇರಲೇಬೇಕು. ಇಲ್ಲೊಂದ ಮಾತು ನೆನಪಿಡ್ರಿ: ಫೈಬರ್ ಕೊಡವರು ತಂದಿಡೋ ಡಬ್ಬಿಗೂ ಭಾಳ ಸಲ 192.168.1.1 ಅಂತನ ವಿಳಾಸ ಇರ್ತದ, ಹೊಸಾ ಓಪನ್‌ಡಬ್ಲ್ಯುಆರ್‌ಟಿ ರೌಟರಿಗೂ ಅದೇ ಇರ್ತದ. ಒಂದರ ಹಿಂದ ಒಂದು ಜೋಡಿಸಿದ್ರ ಓಣಿಗೂ ಒಳಮನಿಗೂ ಒಂದ ನಂಬರ್ ಆಗಿ, ಪೋಸ್ಟಮನ್ ಯಾವ ಮನಿಗೆ ಹೋಗಬೇಕು ತಿಳೀದ ನಿಂತ್ಹಂಗ ಆಗ್ತದ. ಅದಕ್ಕ ಒಳಮನಿಗೆ 2 ಇಟ್ಟದ್ದು.

ವೈರ್‌ಲೆಸ್ ಫೈಲಿನ್ಯಾಗ ಒಂದೊಂದ ವೈಫೈ ಹೆಸರಿಗೂ ಅದು ಯಾವ ಜಾಗಾಕ್ಕ ಸೇರಿದ್ದು ಅಂತ ಒಂದ ಸಾಲು. ಡಬ್ಬಿ ಒಂದ, ಆ್ಯಂಟೆನಾ ಅದೇ, ಆದ್ರ ಫೋನಿನ್ಯಾಗ ಮೂರು ಹೆಸರು ಕಾಣಸ್ತಾವ, ಮೂರಕ್ಕೂ ಬ್ಯಾರೆ ಬ್ಯಾರೆ ಪಾಸ್‌ವರ್ಡ್. ಡಿಎಚ್‌ಸಿಪಿ ಫೈಲಿನ್ಯಾಗ ಬಂದವರಿಗೆ ಯಾವ ನಂಬರಿನಿಂದ ವಿಳಾಸ ಹಂಚಬೇಕು ಅಂತ ಇರ್ತದ: ಸ್ಟಾರ್ಟ್ 100, ಲಿಮಿಟ್ 150 ಅಂದ್ರ 100ರಿಂದ 249ರ ತನಕ. ಊಟದ ಪಂಕ್ತ್ಯಾಗ ಎಲಿ ಹಾಕಿಟ್ಟಂಗ.

ಈಗ ಫೈರ್‌ವಾಲ್ ಫೈಲಿಗೆ ಬರೂಣು. ರಸ ಇರೋದು ಇಲ್ಲೆ.

ಕಾನ್ಫಿಗ್ ಝೋನ್
ಆಪ್ಷನ್ ನೇಮ್ 'ಕಟ್ಟಿ'
ಲಿಸ್ಟ್ ನೆಟ್‌ವರ್ಕ್ 'ಕಟ್ಟಿ'
ಆಪ್ಷನ್ ಇನ್‌ಪುಟ್ 'ರಿಜೆಕ್ಟ್'
ಆಪ್ಷನ್ ಔಟ್‌ಪುಟ್ 'ಆಕ್ಸೆಪ್ಟ್'
ಆಪ್ಷನ್ ಫಾರ್ವರ್ಡ್ 'ರಿಜೆಕ್ಟ್'

ಇನ್‌ಪುಟ್ ಅಂದ್ರ ಕಟ್ಟಿ ಮ್ಯಾಲೆ ಕೂತವರು ಸ್ವತಃ ರೌಟರಿನ ಜೋಡಿ ಮಾತಾಡ್ಲಿಕ್ಕೆ ಬರ್ತದೋ ಇಲ್ಲೋ ಅನ್ನೋದು. ರಿಜೆಕ್ಟ್. ಕೀಲಿಕೈ ಗೊಂಚಲಾ ರೌಟರಿನ ಹಂತೇಕ ಅದ, ಬಂದವರು ಅದನ್ನ ಮಾತಾಡಸೋ ಕಾರಣ ಇಲ್ಲ. ಔಟ್‌ಪುಟ್ ಅಂದ್ರ ರೌಟರ್ ಅವರ ಜೋಡಿ ಮಾತಾಡಬಹುದೋ ಅನ್ನೋದು, ಹೂಂ. ಫಾರ್ವರ್ಡ್ ಅಂದ್ರ ಒಂದ ಝೋನಿನ್ಯಾಗ ಎರಡು ಜಾಗಾ ಇದ್ರ ಒಂದರಿಂದ ಇನ್ನೊಂದಕ್ಕ ಹೋಗೋ ದಾರಿ. ಇನ್ನ ಕಟ್ಟಿ ಮ್ಯಾಲಿನ ಎರಡು ಫೋನು ಒಂದಕ್ಕೊಂದು ನೋಡಬಾರದು ಅಂದ್ರ ಅದು ಈ ಫೈಲಿನ ಕೆಲಸ ಅಲ್ಲ. ವೈರ್‌ಲೆಸ್ ಫೈಲಿನ್ಯಾಗ ಐಸೊಲೇಟ್ ಅಂತ ಒಂದ ಸಾಲು ಹಾಕಬೇಕು.

ರಿಜೆಕ್ಟ್ ಅಂತ ಅದ, ಡ್ರಾಪ್ ಅಂತ ಇನ್ನೊಂದ ಶಬ್ದ ಅದ. ಎರಡೂ ಒಳಗ ಬಿಡೂದಿಲ್ಲ. ರಿಜೆಕ್ಟ್ ಅಂದ್ರ ಬಾಗಲಾ ಸ್ವಲ್ಪ ತಗದು "ಇವತ್ತ ಏನೂ ಬ್ಯಾಡಪಾ, ಮುಂದ ಹೋಗು" ಅಂತ ಹೇಳೋದು. ಡ್ರಾಪ್ ಅಂದ್ರ ಮಧ್ಯಾಹ್ನ ಮಲಗಿದ್ದಾಗ ಸೇಲ್ಸಿನವರು ಬೆಲ್ ಒತ್ತಿದ್ರ ಉಸಿರು ಬಿಗಿ ಹಿಡದು ಸುಮ್ಮನ ಬೀಳೋದು. ಪರಿಚಯದವರಿಗೆ ರಿಜೆಕ್ಟ್ ಛಲೋ. ಅವರ ಫೋನ್ ಉತ್ತರದ ಹಾದಿ ಕಾದು ಕಾದು ಸುಸ್ತಾಗೂದಿಲ್ಲ.

ಇಷ್ಟ ಬರದು ಬಿಟ್ರ ಕಟ್ಟಿ ಮ್ಯಾಲೆ ಕೂತವರಿಗೆ ಎಲ್ಲೂ ದಾರಿ ಇಲ್ಲ. ಓಣಿಗೆ ಹೋಗ್ಲಿಕ್ಕೆ ಬ್ಯಾರೆ ಮೂರು ಸಾಲು ಬೇಕು:

ಕಾನ್ಫಿಗ್ ಫಾರ್ವರ್ಡಿಂಗ್
ಆಪ್ಷನ್ ಎಸ್‌ಆರ್‌ಸಿ 'ಕಟ್ಟಿ'
ಆಪ್ಷನ್ ಡೆಸ್ಟ್ 'ವ್ಯಾನ್'

ಕಟ್ಟಿಯಿಂದ ಓಣಿಗೆ ದಾರಿ ಅದ. ಓಣಿಯಿಂದ ಕಟ್ಟಿಗೆ ಬರೋ ಸಾಲು ಇಲ್ಲ, ಅದಕ್ಕ ಆ ದಾರಿ ಇಲ್ಲ. ಹಂಗಾದ್ರ ಹೊರಗಿಂದ ಯೂಟ್ಯೂಬ್ ಹೆಂಗ ಬರ್ತದ ಅಂತ ನಮ್ಮ ಮಗಳು ಕೇಳಿದ್ಲು. ಪ್ರಶ್ನೆ ಛಲೋ ಅದ. ನೀವು ಬಾಜೂ ಮನಿಗೆ ಹೋಗಿ ಒಂದ ವಾಟಿ ಸಕ್ಕರಿ ಕೇಳಿ ಬಂದ್ರಿ ಅಂತ ತಿಳ್ಕೋರಿ. ಆಮ್ಯಾಲೆ ಅವರ ಮನಿ ಹುಡುಗ ವಾಟಿ ಹಿಡಕೊಂಡು ಬಂದ್ರ "ಯಾರು ನೀ?" ಅಂತ ಬಾಗಲದಾಗ ನಿಲ್ಲಸೂದಿಲ್ಲ, ಕೇಳಿದವರು ನೀವ. ರೌಟರೂ ಯಾರು ಏನು ಕೇಳ್ಯಾರ ಅಂತ ಯಾದಿ ಇಟ್ಟಿರ್ತದ. ಕೇಳಿದ್ದರ ಉತ್ತರ ಆದ್ರ ಒಳಗ ಬಿಡ್ತದ. ಕೇಳಲಾರದ ಬಂದದ್ದನ್ನ ಬಿಡೂದಿಲ್ಲ.

ಇನ್ನೊಂದ ಸೂಕ್ಷ್ಮ ಅದ. ಇನ್‌ಪುಟ್ ರಿಜೆಕ್ಟ್ ಅಂದ ಕೂಡಲೇ ಬಂದವರ ಫೋನಿಗೆ ವಿಳಾಸನ ಸಿಗೂದಿಲ್ಲ, ಯಾಕಂದ್ರ ವಿಳಾಸ ಹಂಚೋದೂ ರೌಟರೇ. ಹೆಸರು ಹೇಳಿದ್ರ ಎಲ್ಲೆ ಹೋಗಬೇಕು ಅಂತ ತೋರಸೋದೂ ಅದೇ. ಅದಕ್ಕ ಎರಡು ನಿಯಮ ಬ್ಯಾರೆ ಬರೀಬೇಕು: ವಿಳಾಸಕ್ಕ 67ನೇ ಪೋರ್ಟ್, ಹೆಸರಿಗೆ 53ನೇ ಪೋರ್ಟ್, ಎರಡಕ್ಕೂ ಆಕ್ಸೆಪ್ಟ್. ನಾ ಇದಕ್ಕ ಬೆಲ್ಲ-ನೀರು ಅಂತೀನಿ. ಒಳಗ ಕರೀಲಿಲ್ಲಂದ್ರೂ, ಕಟ್ಟಿ ಮ್ಯಾಲೆ ಕೂತವರಿಗೆ ಇಷ್ಟರ ಕೊಡಬೇಕು.

ಹಿತ್ತಲದ ಕಥಿ ಬ್ಯಾರೆ. ಅಲ್ಲೆ ಕ್ಯಾಮೆರಾ, ಟಿವಿ, ಪ್ರಿಂಟರ್ ಅವ. ಒಳಮನಿಯಿಂದ ಹಿತ್ತಲಕ್ಕ ದಾರಿ ಬರದೀನಿ, ಹಿತ್ತಲದಿಂದ ಒಳಮನಿಗೆ ಬರದಿಲ್ಲ. ನಾವು ಪ್ರಿಂಟ್ ಕೊಡಬಹುದು, ಕ್ಯಾಮೆರಾ ನೋಡಬಹುದು. ಕ್ಯಾಮೆರಾ ತಾನಾಗಿ ನಮ್ಮ ಕಂಪ್ಯೂಟರ್ ಹುಡುಕ್ಕೊಂಡು ಬರ್ಲಿಕ್ಕೆ ಆಗೂದಿಲ್ಲ. ಯಂತ್ರದ ಮ್ಯಾಲೆ ಇಷ್ಟ್ಯಾಕ ಸಂಶಯ ಅಂದ್ರ, 2016ರಾಗ ಮಿರಾಯ್ ಅನ್ನೋ ಕೆಟ್ಟ ಪ್ರೋಗ್ರಾಮ್ ಲಕ್ಷಗಟ್ಟಲೆ ಮನಿ ಕ್ಯಾಮೆರಾ, ರೌಟರಿನೊಳಗ ಹೊಕ್ಕೊಂಡಿತ್ತು. ಅದರ ಹಂತೇಕ ಇದ್ದದ್ದು ಕಾರಖಾನ್ಯಾಗ ಹಾಕಿ ಕಳಿಸೋ ಸುಮಾರು 60 ಹೆಸರು-ಪಾಸ್‌ವರ್ಡಿನ ಯಾದಿ, ಅಷ್ಟ. ಆ ಕ್ಯಾಮೆರಾಗಳನ್ನ ಎಬ್ಬಿಸಿ ಅದೇ ವರ್ಷ ಅಕ್ಟೋಬರ್ 21ಕ್ಕ ಅಮೆರಿಕಾದ ಡೈನ್ ಅನ್ನೋ ಕಂಪನಿ ಮ್ಯಾಲೆ ನುಗ್ಗಿಸಿದ್ರ, ಟ್ವಿಟರ್‌ದಂಥಾ ದೊಡ್ಡ ದೊಡ್ಡ ಸೈಟು ತಾಸಗಟ್ಟಲೆ ಬಂದ್ ಬಿದ್ವು. ಕ್ಯಾಮೆರಾದ ಮಾಲಕರಿಗೆ ಇದರ ಸುಳಿವೂ ಇರಲಿಲ್ಲ. ಹಿತ್ತಲದ ಗ್ವಾಡಿ ನಮ್ಮ ಒಳಮನಿ ಕಾಯ್ತದ, ಕ್ಯಾಮೆರಾನ ಕಾಯೂದಿಲ್ಲ. ಅದಕ್ಕ ಕ್ಯಾಮೆರಾದ ಕಾರಖಾನಿ ಪಾಸ್‌ವರ್ಡ್ ಮೊದಲ ಬದಲಸ್ರಿ, ಗ್ವಾಡಿ ಆಮ್ಯಾಲೆ.

ಗ್ವಾಡಿಗೆ ಬೆಲೀನೂ ಅದ. ಒಳಗಿನ ಫೋನಿನಿಂದ ಟಿವಿಗೆ ಚಿತ್ರಾ ಕಳಸೂಣು ಅಂದ್ರ ಫೋನಿಗೆ ಟಿವಿ ಕಾಣಸೂದಿಲ್ಲ. "ಯಾರಿದ್ದೀರಿ?" ಅಂತ ಫೋನ್ ಕೂಗೋ ಕೂಗು ಗ್ವಾಡಿ ದಾಟೂದಿಲ್ಲ. ನಮ್ಮ ಮನ್ಯಾಗ ಅದರ ತ್ರಾಸ ಅಷ್ಟಿಲ್ಲ. ನಿಮ್ಮ ಮನ್ಯಾಗ ಮೊಮ್ಮಕ್ಕಳು ಇದ್ರ ಟಿವಿನ ಒಳಮನ್ಯಾಗ ಇಡಬೇಕಾಗಬಹುದು. ಅದು ನಿಮ್ಮ ಲೆಕ್ಕ.

ತಿದ್ದೋ ಮುಂಚೆ ಎರಡು ಕೆಲಸ. ಮೊದಲನೇದು, ನಾಕೂ ಫೈಲಿನ ನಕಲು ತಗದು ಕಂಪ್ಯೂಟರಿನ್ಯಾಗ ಇಟ್ಕೋರಿ. ಬರೇ ಅಕ್ಷರ, ಒಂದ ಫೋಟೋದಷ್ಟೂ ಜಾಗಾ ಹಿಡಿಯೂದಿಲ್ಲ. ಎರಡನೇದು, ಬರದ ಕೂಡಲೇ ನಿಯಮ ಜಾರಿ ಆಗೂದಿಲ್ಲ, ರೌಟರಿಗೆ ರಿಸ್ಟಾರ್ಟ್ ಅಂತ ಹೇಳಬೇಕು, ಆವಾಗ ಅದು ಫೈಲ್ ಓದ್ತದ. ಒಂದ ಕೊಟೇಶನ್ ಚಿಹ್ನಿ ಬಿಟ್ರೂ ಅದು ಮುನಿಸ್ಕೋತದ. ಬಾಗಲಾ ಪೂರ್ತಿ ಮುಚ್ಚಿಹೋದ್ರ ಗಾಬ್ರಿ ಆಗಬ್ಯಾಡ್ರಿ. ರೌಟರ್ ಚಾಲೂ ಆಗುವಾಗ ದೀಪ ಮಿಣಕಸ್ತದ, ಆವಾಗ ಬಟನ್ ಒತ್ತಿದ್ರ ಫೇಲ್‌ಸೇಫ್ ಅನ್ನೋ ಹಿಂದಿನ ಬಾಗಲಾ ತಗೀತದ. ವಾಯರ್ ಹಚ್ಚಿ ಒಳಗ ಹೋಗಿ ಹಳೇ ನಕಲು ವಾಪಸ್ ಇಡಬಹುದು.

ಇದಿಷ್ಟೂ ಸಾಲುಗಳ ಮಾತು. ಇನ್ನ ಯಾರು ಎಲ್ಲೆ ಕೂಡಬೇಕು ಅನ್ನೋದು ಅದ ಅಲ್ಲ, ಅದು ಯಾವ ಫೈಲೂ ಹೇಳೂದಿಲ್ಲ. ನಮ್ಮ ಮನ್ಯಾಗ ಮಾತು ಶುರು ಆದದ್ದೂ ಅಲ್ಲೇ.

ದೀಪಾವಳಿಗೆ ಅಳಿಯಂದ್ರು ಬಂದಿದ್ರು. ಅದೇ ಹೊತ್ತಿಗೆ ಕೆಲಸಕ್ಕ ಬರೋ ಅಕ್ಕನ ಮಗಳು, ಪಿಯುಸಿ ಎರಡನೇ ವರ್ಷದಾಕಿ, ತಮ್ಮನಿ ಕಡೆ ನೆಟ್‌ವರ್ಕ್ ಸಿಗೂದಿಲ್ಲ ಅಂತ ಸಂಜಿ ಮುಂದ ಓದ್ಲಿಕ್ಕೆ ನಮ್ಮಲ್ಲೆ ಬರ್ಲಿಕ್ಕೆ ಹತ್ತಿದ್ಲು. ಇಬ್ಬರಿಗೂ ನಾ ಒಂದ ಚೀಟಿ ತೋರಿಸಿದೆ, ಕಟ್ಟಿ ಪಾಸ್‌ವರ್ಡಿಂದು. ನಮ್ಮತ್ತಿಯವರು ಅಡಗಿಮನಿಗೆ ಕರದು ಸಣ್ಣ ದನಿಯೊಳಗ ಹೇಳಿದ್ರು, "ಅಕಿಗೆ ಕಟ್ಟಿದು ಸಾಕು. ಅಳಿಯಗ ಕಟ್ಟಿ ಮ್ಯಾಲೆ ಕೂಡಸ್ತೀಯೇನ? ಅವರಿಗೆ ಒಳಗಿಂದು ಕೊಡು."

ಕಟ್ಟಿ ಅಂತ ಹೆಸರಿಟ್ಟಾಕಿ ನಾನ. ಆ ಹೆಸರಿನ ಹಿಂದ ಏನೇನು ಜೋತುಬಿದ್ದದ ಅಂತ ಅತ್ತಿಯವರ ಮಾತಿನ್ಯಾಗ ಕೇಳಿಸ್ತು. ನಮ್ಮ ಹಳೇ ಮನ್ಯಾಗೂ ಝೋನ್ ಇದ್ವು. ಯಾರು ಕಟ್ಟಿತನಕ, ಯಾರು ಪಡಸಾಲಿತನಕ, ಯಾರು ಅಡಗಿಮನಿ ಹೊಸ್ತಿಲಾತನಕ, ಎಲ್ಲಾ ಠರಾವ ಆಗಿತ್ತು. ನನ್ನ ಅಜ್ಜಿ ಮನ್ಯಾಗ ಭಾಂಡಿ ತಿಕ್ಕಾಕಿ ಹಿತ್ತಲ ಬಾಗಲದಿಂದ ಬಂದು ಹಿತ್ತಲ ಬಾಗಲದಿಂದ ಹೋಗ್ತಿದ್ಲು. ಅಕಿ ತಿಕ್ಕಿಟ್ಟ ಭಾಂಡಿ ಮ್ಯಾಲೆ ನೀರು ಹೊಯ್ದು ಅಡಗಿಮನಿಗೆ ತಗೋತಿದ್ರು. ಭಾಂಡಿ ಒಳಗ, ಅಕಿ ಹೊರಗ. ಅಕಿ ಚಹಾದ ಕಪ್ಪು ಹಿತ್ತಲ ಗ್ವಾಡಿ ಮಾಡದಾಗ ಬ್ಯಾರೆ ಇರ್ತಿತ್ತು. ತಿಂಗಳಿಗೆ ಮೂರು ದಿನ ನಮ್ಮನ್ನೂ ಅದೇ ಹಿತ್ತಲ ಬಾಜೂ ಖೋಲ್ಯಾಗ ಕೂಡಸ್ತಿದ್ರು. ಚಾಪಿ ಬ್ಯಾರೆ, ತಂಬಿಗಿ ಬ್ಯಾರೆ. ಇದನ್ನ ಯಾರೂ ಎಲ್ಲೂ ಬರದಿಟ್ಟಿರಲಿಲ್ಲ. "ಯಾಕ?" ಅಂದ್ರ "ಹಂಗ ಇರೋದು" ಅಂತಿದ್ರು. ಬರೀಲಾರದ ನಿಯಮ ತಿದ್ದೋದು ಭಾಳ ಕಠಿಣ. ಯಾವ ಸಾಲು ತಗದು ಹಾಕಬೇಕು ಅಂತ ಬೆರಳು ಇಟ್ಟು ತೋರಸ್ಲಿಕ್ಕೆ ಬರೂದಿಲ್ಲ.

ಹೆಸರು ಬದಲಸಲೇನು ಅಂತ ವಿಚಾರ ಮಾಡಿದೆ. ಬದಲಸಲಿಲ್ಲ. ಹೆಸರು ತಗದ್ರ ಪದ್ಧತಿ ಹೋಗೂದಿಲ್ಲ, ಅಲ್ಲೆ ಯಾರನ್ನ, ಯಾಕ ಕೂಡಸ್ತೀವಿ ಅನ್ನೋದು ಬದಲಾಗಬೇಕು. ಅತ್ತಿಯವರಿಗೆ ಹೇಳಿದೆ, "ಅತ್ತಿ, ನಾ ಮನಷ್ಯಾರನ್ನ ಕೂಡಸ್ಲಿಕ್ಕೆ ಹತ್ತಿಲ್ರಿ, ಫೋನ್ ಕೂಡಸ್ಲಿಕ್ಕೆ ಹತ್ತೀನಿ. ಫೋನಿಗೆ ಎರಡ ಪ್ರಶ್ನೆ. ಅದನ್ನ ಅಪ್‌ಡೇಟ್ ಮಾಡಿ ನೋಡ್ಕೊಳ್ಳೋರು ನಾವ ಹೌದೋ ಅಲ್ಲೋ? ಒಳಗಿನ ಕಂಪ್ಯೂಟರ್, ಫೋಟೋ ಡಬ್ಬಿ ಅದಕ್ಕ ಬೇಕೋ ಬ್ಯಾಡೋ? ಎರಡಕ್ಕೂ ಹೂಂ ಅಂದ್ರ ಒಳಗ. ಇಲ್ಲಾಂದ್ರ ಕಟ್ಟಿ."

ಈ ಎರಡು ಪ್ರಶ್ನೆ ಹಿಡಕೊಂಡು ಒಂದೊಂದ ತಗೊಂಡು ಕೂತ್ವಿ. ಅಳಿಯಂದ್ರ ಫೋನು, ಲ್ಯಾಪ್‌ಟಾಪು ಅವರ ಆಫೀಸಿನವು, ನೋಡ್ಕೊಳ್ಳೋರು ಆಫೀಸಿನವರು: ಕಟ್ಟಿ. ನನ್ನ ತಮ್ಮಂದು: ಕಟ್ಟಿ. ಆ ಹುಡುಗಿದು, ಯಾರೋ ವಾಪರಿಸಿ ಕೊಟ್ಟ ಹಳೇ ಫೋನು: ಕಟ್ಟಿ. ನನ್ನ ಟ್ಯಾಬು, ಕಂಪನಿಯವರು ಅಪ್‌ಡೇಟ್ ಕೊಡೋದು ಬಿಟ್ಟು ಎಷ್ಟೋ ದಿನಾ ಆಗ್ಯಾವ: ಅದೂ ಕಟ್ಟಿ. ಅತ್ತಿಯವರ ಫೋನು ಹೊಸಾದು, ನಾನ ಅಪ್‌ಡೇಟ್ ಮಾಡ್ತೀನಿ, ಮೊಮ್ಮಕ್ಕಳ ಫೋಟೋ ಅದರಾಗ ನೋಡ್ತಾರ: ಒಳಗ. "ಅಂದ್ರ ನಿನ್ನ ಟ್ಯಾಬು ಹೊರಗ, ನನ್ನ ಫೋನು ಒಳಗ" ಅಂತ ಅತ್ತಿಯವರು ನಕ್ರು. ಅಳಿಯಂದ್ರೂ ಬ್ಯಾಸರಾ ಮಾಡ್ಕೊಳ್ಳಿಲ್ಲ. "ನಮ್ಮ ಆಫೀಸಿನ್ಯಾಗೂ ಹಿಂಗ ಅದರಿ ಅತ್ತಿ, ಸಾಹೇಬರು ಬಂದ್ರೂ ಗೆಸ್ಟ್ ವೈಫೈನ" ಅಂದ್ರು.

ಅತ್ತಿಯವರು ಇನ್ನೊಂದ ಪ್ರಶ್ನೆ ಹಾಕಿದ್ರು. ಅವರು ಸುಮ್ಮನ ಬಿಡೋ ಪೈಕಿ ಅಲ್ಲ. "ಹಂಗಾದ್ರ ಆ ಹುಡುಗಿ ಎಲ್ಲೆ ಕೂತು ಓದಬೇಕು?"

ನಡುಮನ್ಯಾಗ. ಟೇಬಲ್ ಅಲ್ಲೇ ಅದ, ಫ್ಯಾನ್ ಅಲ್ಲೇ ಅದ, ಕಂಪ್ಯೂಟರೂ ಅಲ್ಲೇ ಅದ. ಲೆಕ್ಕ ಬಿಡಸೋ ವಿಡಿಯೋ ದೊಡ್ಡ ಪರದೇ ಮ್ಯಾಲೆ ನೋಡಬೇಕಂದ್ರ ಅಕಿ ನಮ್ಮ ಕಂಪ್ಯೂಟರಿನ್ಯಾಗ ನೋಡ್ತಾಳ. ಅಕಿ ಸಂಬಂಧ ಒಂದ ಬ್ಯಾರೆ ಲಾಗಿನ್ ಮಾಡಿಟ್ಟೀನಿ, ಮಗಳಿಗೆ ಇದ್ದಂಗ. ಹಿಂಗಾಗಿ ಫೋನು ಕಟ್ಟಿ ಮ್ಯಾಲೆ, ಹುಡುಗಿ ನಡುಮನ್ಯಾಗ. ಅಜ್ಜಿ ಮನ್ಯಾಗ ಭಾಂಡಿ ಒಳಗ, ಮನಷ್ಯಾಳು ಹೊರಗ ಇತ್ತಲ್ಲ, ಅದರ ಉಲ್ಟಾ. ಅತ್ತಿಯವರು ಮೊದಲ ನಾಕು ದಿನ ಏನೂ ಅನ್ನಲಿಲ್ಲ. ಐದನೇ ದಿನ ಅವಲಕ್ಕಿ ಹಚ್ಚಿದಾಗ "ಅಕಿಗೂ ಒಂದ ಪ್ಲೇಟ್ ಇಟ್ಟು ಬಾ" ಅಂದ್ರು. ನಾ ಇದನ್ನ ದೊಡ್ಡ ಬದಲಾವಣಿ ಅಂತ ಹೇಳ್ಲಿಕ್ಕೆ ಹತ್ತಿಲ್ಲ. ಪ್ಲೇಟ್ ಯಾವುದು ಅಂತ ನೋಡಿದೆ. ಎಲ್ಲಾರ ಪ್ಲೇಟಿನ ಜೋಡಿದ ಇತ್ತು.

ಒಂದ ಅಡಚಣಿ ಬಂತು. ಆ ಹುಡುಗಿ ಸ್ಕಾಲರ್‌ಶಿಪ್ ಅರ್ಜಿ ತನ್ನ ಫೋನಿನಿಂದ ಪ್ರಿಂಟ್ ತಗೀಬೇಕಿತ್ತು. ಫೋನು ಕಟ್ಟಿ ಮ್ಯಾಲೆ, ಪ್ರಿಂಟರ್ ಹಿತ್ತಲದಾಗ, ನಡುವ ದಾರಿ ಇಲ್ಲ. ದಿನಾ ನನಗ ಕಳಿಸಿ, ನಾ ಪ್ರಿಂಟ್ ಕೊಟ್ಟು, ಅಕಿ ಕೇಳೋದು, ನಾ ಕೊಡೋದು ಅಂತ ಮಾಡಬಹುದಿತ್ತು. ಅದು ನನಗ ಛಲೋ ಅನಸಲಿಲ್ಲ. ಪ್ರತಿ ಸಲ ಕೇಳಿ ಪಡಿಯೋದಕ್ಕೂ ತಾನಾಗಿ ತಗೊಳ್ಳೋದಕ್ಕೂ ಫರಕು ಅದ. ನಮ್ಮ ಕೈ ಖರ್ಚಿಗೆ ದಿನಾ ಕೇಳಿ ಇಸ್ಕೊಂಡ ನಮಗ ಅದು ಗೊತ್ತಿಲ್ಲೇನು? ಅದಕ್ಕ ಗ್ವಾಡ್ಯಾಗ ಒಂದ ಖಿಡಕಿ ಇಟ್ಟೆ:

ಕಾನ್ಫಿಗ್ ರೂಲ್
ಆಪ್ಷನ್ ನೇಮ್ 'ಕಟ್ಟಿ-ಪ್ರಿಂಟರ್'
ಆಪ್ಷನ್ ಎಸ್‌ಆರ್‌ಸಿ 'ಕಟ್ಟಿ'
ಆಪ್ಷನ್ ಡೆಸ್ಟ್ 'ಹಿತ್ತಲ'
ಆಪ್ಷನ್ ಡೆಸ್ಟ್-ಐಪಿ '192.168.4.20'
ಆಪ್ಷನ್ ಪ್ರೋಟೋ 'ಟಿಸಿಪಿ'
ಆಪ್ಷನ್ ಡೆಸ್ಟ್-ಪೋರ್ಟ್ '631'
ಆಪ್ಷನ್ ಟಾರ್ಗೆಟ್ 'ಆಕ್ಸೆಪ್ಟ್'

ಕಟ್ಟಿಯಿಂದ ಹಿತ್ತಲಕ್ಕ, ಅದರಾಗೂ ಈ ಒಂದ ವಿಳಾಸಕ್ಕ, ಅದರಾಗೂ ಪ್ರಿಂಟಿನ 631ನೇ ಪೋರ್ಟಿಗಷ್ಟ ದಾರಿ. ಕ್ಯಾಮೆರಾಕ್ಕಿಲ್ಲ, ಟಿವಿಗಿಲ್ಲ. ಪ್ರಿಂಟರಿನ ವಿಳಾಸ ಬದಲಾಗದಂಗ ಡಿಎಚ್‌ಸಿಪಿ ಫೈಲಿನ್ಯಾಗ ಗಟ್ಟಿ ಮಾಡಿಟ್ಟೆ. ಕೂಗು ಗ್ವಾಡಿ ದಾಟೂದಿಲ್ಲ ಅಂದಿದ್ದೆ ಅಲ್ಲ, ಅದಕ್ಕ ಫೋನಿನ್ಯಾಗ ಪ್ರಿಂಟರಿನ ವಿಳಾಸ ಕೈಲೆ ಒಮ್ಮೆ ಬರೀಬೇಕಾತು. ಈಗ ಅಕಿ ಯಾರನ್ನೂ ಕೇಳೂದಿಲ್ಲ. ಕಾಗದಾ ತೀರಿದ್ರ ಹೇಳ್ತಾಳ. ಅಳಿಯಂದ್ರು ರೈಲ್ವೆ ಟಿಕೆಟ್ ಪ್ರಿಂಟ್ ತಗೊಂಡದ್ದೂ ಅದೇ ಖಿಡಕಿಯಿಂದ.

ಇನ್ನ ಕಡೀ ಮಾತು, ಫೈಲ್ ಓದ್ಲಿಕ್ಕೆ ಹತ್ತಿದ ಮ್ಯಾಲೆ ನನಗ ಭಾಳ ಬಡದದ್ದು. ಈ ಫೈಲಿನ್ಯಾಗ ಸಾಲಿನ ಮುಂದ ಹ್ಯಾಶ್ ಚಿಹ್ನಿ ಹಾಕಿದ್ರ ಆ ಸಾಲನ್ನ ರೌಟರ್ ಓದೂದಿಲ್ಲ. ಅದು ಮನಷ್ಯಾರ ಸಂಬಂಧ ಬರಿಯೋ ಮಾತು. ಅಲ್ಲೆ ಕಾರಣ ಬರೀಬಹುದು: "ಟ್ಯಾಬ್ ಹಳೇದು, ಅಪ್‌ಡೇಟ್ ಇಲ್ಲ, ಅದಕ್ಕ ಕಟ್ಟಿ" ಅಂತ. ಆದ್ರ ಮುಂದ ಯಾರರ ಬ್ರೌಸರಿನ ಪೇಜಿನಿಂದ ಒಂದ ಸಣ್ಣ ಬದಲು ಮಾಡಿ ಸೇವ್ ಒತ್ತಿದ್ರಂದ್ರ, ಆ ಸಾಫ್ಟ್‌ವೇರ್ ಇಡೀ ಫೈಲು ತಾನ ಹೊಸದಾಗಿ ಬರೀತದ. ಬರಿಯುವಾಗ ಹ್ಯಾಶಿನ ಸಾಲು ಎಲ್ಲಾ ಬಿಟ್ಟು ಬಿಡ್ತದ. ನಿಯಮ ಉಳೀತದ, ಕಾರಣ ಹೋಗ್ತದ. ಹತ್ತು ವರ್ಷದ ಮ್ಯಾಲೆ ಯಾರರ ಆ ಫೈಲು ತಗದು ನೋಡಿದ್ರ ರಿಜೆಕ್ಟ್ ಅಂತ ಕಾಣಸ್ತದ, ಯಾಕ ಅಂತ ಕಾಣಸೂದಿಲ್ಲ. ಕೇಳಿದ್ರ ಆವಾಗ ನಾವೂ ಹೇಳಬೇಕಾಗ್ತದ, "ಹಂಗ ಇರೋದು."

ಅದಕ್ಕ ನಾ ಒಂದ ನೂರು ಪೇಜಿನ ವಹಿ ಇಟ್ಟೀನಿ, ತಿಜೋರಿಯೊಳಗ, ರೇಶನ್ ಕಾರ್ಡಿನ ಬಾಜೂಕ. ಎಡಗಡೆ ಪೇಜಿನ್ಯಾಗ ಫೈಲಿನ ಪ್ರಿಂಟ್ ಅಂಟಿಸೀನಿ, ಬಲಗಡೆ ಪೇಜಿನ್ಯಾಗ ಕನ್ನಡದಾಗ ಕಾರಣ, ತಾರೀಖು. ರೌಟರಿನ ಪಾಸ್‌ವರ್ಡೂ ಅದರಾಗ ಅದ. ಮನಿ ಕೀಲಿ ಒಬ್ಬರ ತಲ್ಯಾಗ ಇರಬಾರದು, ಅದು ಮಗನ ತಲಿ ಇರಲಿ, ನಂದಿರಲಿ. ಮಗಳು ಓದ್ಯಾಳ. ಅತ್ತಿಯವರು ಕನ್ನಡದ ಪೇಜಷ್ಟ ಓದಿ ಒಂದ ಕಡೆ ಪೆನ್ಸಿಲ್‌ಲೆ ಗೆರಿ ಹಾಕ್ಯಾರ. "ಈ ಕಾರಣ ನನಗ ಪಟಾಯಿಸಲಿಲ್ಲ, ಆಮ್ಯಾಲೆ ಮಾತಾಡೂಣು" ಅಂದಾರ. ಟಿವಿದು ಅದು. ಭಜನಿ ಫೋನಿನಿಂದ ಟಿವಿಗೆ ಕಳಸ್ಲಿಕ್ಕೆ ಬರೂದಿಲ್ಲ ಅಂತ ಅವರ ತಕರಾರು. ತಕರಾರು ಖರೇ ಅದ. ಈ ಆಯ್ತವಾರ ಕೂತು ನೋಡ್ತೀವಿ.

ನೀವೂ ನಿಮ್ಮನಿ ವೈಫೈ ಯಾರು ನೋಡ್ಕೋತಾರ, ಅದರಾಗ ಯಾರು ಯಾರ ಬಾಜೂಕ ಕೂತಾರ ಅಂತ ಒಮ್ಮೆ ಕೇಳ್ರಿ. ಎಲ್ಲಾ ರೌಟರಿನ್ಯಾಗ ಹಿಂಗ ಫೈಲ್ ತಗದು ತಿದ್ದ್ಲಿಕ್ಕೆ ಬರೂದಿಲ್ಲ, ಆದ್ರ ಗೆಸ್ಟ್ ನೆಟ್‌ವರ್ಕ್ ಅನ್ನೋ ಬಟನ್ ಭಾಳಷ್ಟರಾಗ ಇರ್ತದ. ಶುರು ಮಾಡ್ಲಿಕ್ಕೆ ಅದ ಸಾಕು. ಬಟನ್ ಒತ್ತಿದ ದಿನ ಒಂದ ಚೀಟಿ ಮ್ಯಾಲೆ ಯಾಕ ಒತ್ತಿದ್ವಿ ಅಂತ ಬರದಿಡ್ರಿ. ನಮ್ಮನಿಗೆ ಬಂದಾಗ ವಹಿ ತೋರಸ್ತೀನಿ. ಪಾಸ್‌ವರ್ಡ್ ಕಟ್ಟಿದ ಕೊಡ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಮಾತ್ರ ಸೀದಾ ಒಳಗ ಬರ್ರಿ, ಚಹಾಕ್ಕ ಇಟ್ಟಿರ್ತೀನಿ.